ಗುಂಪಿನ ಮಾತು ಉಳಿಯಲಿ, ಬೇಕಾದಾಗ ಕೈಗೆ ಸಿಗಲಿ



ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಎಂದುಕೊಳ್ಳಿ. ನಿಮ್ಮ ಗಬ್ಬದ ಹಸು ಇನ್ನೂ ಹೊತ್ತಿಗೆ ಮೂರು ಲೀಟರ್ ಹಾಲು ಕೊಡುತ್ತಿದೆ. ಹಾಲು ಬತ್ತಿಸಬೇಕೋ, ಇನ್ನೂ ಸ್ವಲ್ಪ ದಿನ ಕರೆಯಬಹುದೋ ಎಂಬ ಅನುಮಾನ ಬಂದು ಡಾಕ್ಟರಿಗೆ ಫೋನ್ ಮಾಡುತ್ತೀರಿ. ಅವರು ಕೇಳುವ ಮೊದಲ ಪ್ರಶ್ನೆ: "ಇಂಜೆಕ್ಷನ್ ಕೊಡಿಸಿದ್ದು ಯಾವತ್ತು?"

ಸಂಕ್ರಾಂತಿಯ ಆಸುಪಾಸು ಎಂದು ನೆನಪಿದೆ. ಅವತ್ತು ಚೀಟಿಯ ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ್ದೂ ನೆನಪಿದೆ. ಚೀಟಿ ಎಲ್ಲೋ ಕಳೆದುಹೋಗಿದೆ, ಗುಂಪಿನಲ್ಲಾದರೂ ಇರುತ್ತದಲ್ಲ ಎಂದು ಹುಡುಕಲು ಕೂರುತ್ತೀರಿ. ಬೆರಳು ಮೇಲಕ್ಕೆ ಎಳೆದಷ್ಟೂ ಶುಭೋದಯದ ಹೂವು, ಹಬ್ಬದ ಶುಭಾಶಯ, ಯಾರದೋ ಮಗುವಿನ ಹುಟ್ಟುಹಬ್ಬ. ಅರ್ಧ ಗಂಟೆ ಕಳೆದ ಮೇಲೆ ಆ ಫೋಟೋ ಕಾಣುತ್ತದೆ, ಆದರೆ ಮಂಜು ಮಂಜಾಗಿದೆ, ಒತ್ತಿದರೆ ತೆರೆಯುವುದಿಲ್ಲ.

ಆ ಚೀಟಿಯಲ್ಲಿ ಜನವರಿ 10 ಎಂದಿತ್ತು ಎಂದುಕೊಳ್ಳೋಣ. ಹಸುವಿನ ಗರ್ಭಾವಧಿ ಸುಮಾರು 280 ದಿನ. ಲೆಕ್ಕ ಹಾಕಿದರೆ ಕರು ಹಾಕುವ ದಿನ ಅಕ್ಟೋಬರ್ 17ರ ಆಸುಪಾಸು. ಅದಕ್ಕೆ 60 ದಿನ ಮೊದಲು, ಅಂದರೆ ಆಗಸ್ಟ್ 18ರ ಹೊತ್ತಿಗೆ ಹಾಲು ಬತ್ತಿಸಬೇಕು. ದಿನಾಂಕ ಗೊತ್ತಿಲ್ಲದೆ ಕರು ಹಾಕುವವರೆಗೂ ಕರೆಯುತ್ತಲೇ ಹೋದರೆ ಕೆಚ್ಚಲಿಗೆ ವಿಶ್ರಾಂತಿ ಸಿಗುವುದಿಲ್ಲ, ಗಿಣ್ಣು ಹಾಲು ಸೊರಗುತ್ತದೆ, ಮುಂದಿನ ಸೂಲಿನ ಹಾಲೂ ಕಡಿಮೆಯಾಗುತ್ತದೆ. ಒಂದು ದಿನಾಂಕ ಸಿಗದೇ ಹೋದದ್ದಕ್ಕೆ ಇಡೀ ಸೂಲಿನ ನಷ್ಟ.

ಇಂದು ಬಹಳಷ್ಟು ಮಹಿಳಾ ಸಂಘಗಳಲ್ಲಿ ಇಂಥ ಒಂದು ಗುಂಪು ಇದೆ. ಲಸಿಕೆ ಹಾಕುವ ದಿನ, ಪಶು ಆಹಾರ ಬಂದ ಸುದ್ದಿ, ಕೆಚ್ಚಲು ಬಾವಿಗೆ ಡಾಕ್ಟರು ಹೇಳಿದ ಮಾತು, ಯಾರ ಹಸು ಯಾವತ್ತು ಬೆದೆಗೆ ಬಂತು ಎಂಬುದು, ಹೀಗೆ ಊರಿನ ಹೈನುಗಾರಿಕೆಯ ಅನುಭವವೆಲ್ಲ ಅದರಲ್ಲಿ ಹರಿದು ಹೋಗುತ್ತಿದೆ. ಹರಿದು ಹೋಗುವುದನ್ನು ಹಿಡಿದಿಡುವುದು ಹೇಗೆ, ಹಿಡಿದಿಟ್ಟದ್ದರಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ ಎಂಬುದೇ ಈ ಸಲದ ಪಾಠ. ಇದಕ್ಕೆ ಹೊಸ ಮೊಬೈಲ್ ಬೇಡ, ಖರ್ಚೂ ಇಲ್ಲ. ಸಂಘದಲ್ಲಿ ಇಬ್ಬರ ಆಸಕ್ತಿ, ತಿಂಗಳಿಗೆ ಅರ್ಧ ಗಂಟೆ ಸಮಯ ಇದ್ದರೆ ಸಾಕು.

ಗುಂಪಿನ ಮಾತು ಇರುವುದು ಎಲ್ಲಿ?

"ವಾಟ್ಸಾಪ್ ಕಂಪನಿಯವರ ಹತ್ತಿರ ಎಲ್ಲ ಇರುತ್ತದೆ, ಬೇಕಾದಾಗ ತೆಗೆಸಬಹುದು" ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಸಂದೇಶ ನಿಮ್ಮ ಮೊಬೈಲಿಗೆ ತಲುಪಿದ ಮೇಲೆ ಕಂಪನಿ ಅದನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಮಾತೆಲ್ಲ ಇರುವುದು ಗುಂಪಿನ ಸದಸ್ಯರ ಮೊಬೈಲುಗಳಲ್ಲಿ ಮಾತ್ರ. ನಿಮ್ಮ ಮೊಬೈಲ್ ಕಲಗಚ್ಚಿನ ಬಾನಿಗೆ ಬಿದ್ದು ಹಾಳಾದರೆ, ಬ್ಯಾಕಪ್ ಮಾಡಿರದಿದ್ದರೆ, ನಿಮ್ಮ ಪಾಲಿನ ಮಾತು ಅಲ್ಲಿಗೆ ಮುಗಿಯಿತು.

ಇನ್ನೂ ಮೂರು ರೀತಿಯಲ್ಲಿ ಮಾತು ಕಳೆದುಹೋಗುತ್ತದೆ.

ಒಂದು, ಮೊಬೈಲ್ ತುಂಬಿತು ಎಂದು ಮಕ್ಕಳು ಗ್ಯಾಲರಿಯಲ್ಲಿ ಫೋಟೋ ಅಳಿಸಿದಾಗ ಗುಂಪಿನಲ್ಲಿ ಬಂದ ಫೋಟೋವೂ ಅದರ ಜೊತೆ ಹೋಗುತ್ತದೆ. ಬಂದಾಗ ಡೌನ್‌ಲೋಡ್ ಮಾಡಿಕೊಳ್ಳದ ಫೋಟೋ ಬಹಳ ದಿನದ ಮೇಲೆ ತೆರೆಯದೇ ಇರಬಹುದು.

ಎರಡು, ಗುಂಪಿನಲ್ಲಿ "ಡಿಸಪಿಯರಿಂಗ್ ಮೆಸೇಜಸ್" ಎಂಬ ವ್ಯವಸ್ಥೆ ಇದೆ. ಅದನ್ನು ಯಾರಾದರೂ ಆನ್ ಮಾಡಿದ್ದರೆ ಆಮೇಲೆ ಬಂದ ಸಂದೇಶಗಳು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ತಾವಾಗಿ ಅಳಿಸಿಹೋಗುತ್ತವೆ. ಗುಂಪಿನ ಹೆಸರನ್ನು ಒತ್ತಿದರೆ ಕೆಳಗೆ ಈ ಸಾಲು ಕಾಣುತ್ತದೆ. ಸಂಘದ ಗುಂಪಿನಲ್ಲಿ ಇದು "ಆಫ್" ಎಂದೇ ಇರಬೇಕು. ಈ ಲೇಖನ ಓದಿದ ಕೂಡಲೇ ಇದೊಂದನ್ನು ನೋಡಿಬಿಡಿ.

ಮೂರು, ಹೊಸದಾಗಿ ಸೇರಿದ ಸದಸ್ಯೆಗೆ ತಾನು ಸೇರುವ ಮೊದಲಿನ ವರ್ಷಗಳ ಮಾತು ತಾನಾಗಿ ಕಾಣುವುದಿಲ್ಲ. ಅನುಭವ ಹೆಚ್ಚು ಬೇಕಾಗಿರುವುದು ಅವಳಿಗೇ.

ಮೂರು ಹೆಸರು, ಮೂರು ಬೇರೆ ಕೆಲಸ

ಉಳಿಸುವ ಮಾತು ಬಂದಾಗ ಮೂರು ಇಂಗ್ಲಿಷ್ ಪದಗಳು ಕೇಳಿಬರುತ್ತವೆ. ಇವುಗಳ ನಡುವೆ ಗೊಂದಲ ಮಾಡಿಕೊಳ್ಳಬೇಡಿ.

ಆರ್ಕೈವ್: ಇದು ಗುಂಪನ್ನು ಪಟ್ಟಿಯಿಂದ ಸರಿಸಿ ಬದಿಗಿಡುತ್ತದೆ, ಅಷ್ಟೇ. ಪಾತ್ರೆಯನ್ನು ಅಟ್ಟದ ಮೇಲೆ ಇಟ್ಟ ಹಾಗೆ. ಮೊಬೈಲ್ ಹೋದರೆ ಇದೂ ಹೋಗುತ್ತದೆ. ಹೆಸರು ಕೇಳಿ "ಭದ್ರವಾಯಿತು" ಎಂದು ನಂಬಿ ಕೂರಬೇಡಿ.

ಬ್ಯಾಕಪ್: ಇದು ನಿಮ್ಮ ವಾಟ್ಸಾಪ್ ಪೂರ್ತಿಯ ಒಂದು ಪ್ರತಿಯನ್ನು ನಿಮ್ಮ ಗೂಗಲ್ ಖಾತೆಯಲ್ಲಿ ಇಡುತ್ತದೆ. ಹೊಸ ಮೊಬೈಲ್ ಕೊಂಡಾಗ ಅದೇ ನಂಬರ್, ಅದೇ ಗೂಗಲ್ ಖಾತೆ ಹಾಕಿದರೆ ಹಳೆಯದೆಲ್ಲ ವಾಪಸ್ ಬರುತ್ತದೆ. ಆದರೆ ಇದನ್ನು ತೆರೆದು ಓದಲು, ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಇದಕ್ಕೆ ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗವೇ ಬಳಕೆಯಾಗುತ್ತದೆ. ಫೋಟೋ, ವಿಡಿಯೋ ತುಂಬಿ ಆ ಜಾಗ ಮುಗಿದರೆ ಬ್ಯಾಕಪ್ ನಿಂತುಹೋಗುತ್ತದೆ. ವಾಟ್ಸಾಪ್‌ನ ಸೆಟ್ಟಿಂಗ್ಸ್, ಅದರೊಳಗೆ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್ ತೆರೆದರೆ ಕೊನೆಯ ಬ್ಯಾಕಪ್ ಯಾವತ್ತು ಆಗಿದೆ ಎಂದು ಕಾಣುತ್ತದೆ. ದಿನಾಂಕ ಹಳೆಯದಾಗಿದ್ದರೆ ಅಲ್ಲೇ ಬ್ಯಾಕಪ್ ಒತ್ತಿ.

ಎಕ್ಸ್‌ಪೋರ್ಟ್: ಇದು ಒಂದು ಗುಂಪಿನ ಮಾತನ್ನು ಮಾತ್ರ ಹೊರತೆಗೆದು, ಯಾರು ಬೇಕಾದರೂ ತೆರೆದು ಓದಬಹುದಾದ ಬರಹದ ಫೈಲ್ ಮಾಡಿಕೊಡುತ್ತದೆ. ಸಂಘಕ್ಕೆ ಬೇಕಾಗಿರುವುದು ಇದು. ಈ ಫೈಲನ್ನು ಮತ್ತೆ ವಾಟ್ಸಾಪ್ ಒಳಗೆ ಹಾಕಲು ಬರುವುದಿಲ್ಲ. ಸಂಘದ ಕಂಪ್ಯೂಟರಿನಲ್ಲಿ ಇಟ್ಟು ಓದುವುದಕ್ಕೆ, ಹುಡುಕುವುದಕ್ಕೆ ಇದು ಇರುವುದು.

ಪ್ರತಿಯೊಬ್ಬರೂ ತಮ್ಮ ಮೊಬೈಲಿಗೆ ಬ್ಯಾಕಪ್ ಮಾಡಿಕೊಳ್ಳಿ. ಸಂಘದ ಪರವಾಗಿ ಇಬ್ಬರು ಎಕ್ಸ್‌ಪೋರ್ಟ್ ಮಾಡಲಿ.

ಪಾಠ 1: ಸಿಗುವ ಹಾಗೆ ಬರೆಯುವುದು

ಉಳಿಸುವುದಕ್ಕಿಂತ ಮೊದಲು ಬರುವುದು ಬರೆಯುವ ರೀತಿ. ಮೊಬೈಲ್ ಹುಡುಕುವುದು ಅಕ್ಷರಗಳನ್ನು ಮಾತ್ರ. ಅದಕ್ಕೆ ಅರ್ಥ ತಿಳಿಯುವುದಿಲ್ಲ. ಒಬ್ಬರು "ಕೆಚ್ಚಲು ಬಾವು" ಎಂದು ಬರೆದಿರುತ್ತಾರೆ, ಇನ್ನೊಬ್ಬರು "ಮೊಲೆ ಊದಿದೆ" ಎಂದು, ಮತ್ತೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿರುತ್ತಾರೆ, ನಾಲ್ಕನೆಯವರು ವಾಯ್ಸ್ ಕಳಿಸಿರುತ್ತಾರೆ. ನಾಲ್ವರೂ ಹೇಳಿದ್ದು ಒಂದೇ ಕಾಯಿಲೆ. "ಕೆಚ್ಚಲು" ಎಂದು ಹುಡುಕಿದರೆ ಸಿಗುವುದು ಮೊದಲನೆಯವರ ಮಾತು ಮಾತ್ರ.

ಆದ್ದರಿಂದ ಗುಂಪಿನವರು ಕೂತು ಎಂಟು ಹತ್ತು ತಲೆಪದಗಳನ್ನು ಒಪ್ಪಿಕೊಳ್ಳಿ. ಮುಖ್ಯವಾದ ಸಂದೇಶ ಕಳಿಸುವಾಗ ಮೊದಲ ಪದ ಅದೇ ಇರಲಿ. ನಿಮಗೆ ಹೊಂದುವ ಹಾಗೆ ಬದಲಿಸಿಕೊಳ್ಳಬಹುದಾದ ಒಂದು ಪಟ್ಟಿ ಇಲ್ಲಿದೆ:

ಬೆದೆ: ಬೆದೆಗೆ ಬಂದದ್ದು, ಇಂಜೆಕ್ಷನ್ ಕೊಡಿಸಿದ್ದು, ಗಬ್ಬ ಪರೀಕ್ಷೆ.
ಕರು: ಕರು ಹಾಕಿದ್ದು, ಸತ್ತೆ ಬೀಳದಿರುವುದು, ಕರುವಿನ ಜಂತು ಔಷಧ.
ಕೆಚ್ಚಲು: ಕೆಚ್ಚಲು ಬಾವು, ಹಾಲು ಒಡೆಯುವುದು, ತೊಟ್ಟಿನ ಗಾಯ.
ಕಾಯಿಲೆ: ಜ್ವರ, ಹೊಟ್ಟೆ ಉಬ್ಬರ, ಉಣ್ಣೆ, ಬೇರೆ ಎಲ್ಲವೂ.
ಲಸಿಕೆ: ಕಾಲುಬಾಯಿ ರೋಗ, ಚರ್ಮಗಂಟು ರೋಗ ಮುಂತಾದವಕ್ಕೆ ಲಸಿಕೆ ಹಾಕಿದ ದಿನ.
ಮೇವು: ಹಸಿರು ಮೇವು, ರಸಮೇವು, ಪಶು ಆಹಾರ, ಖನಿಜ ಮಿಶ್ರಣ.
ವಿಮೆ: ವಿಮೆ ಮಾಡಿಸಿದ್ದು, ಕಿವಿಯೋಲೆ ಬಿದ್ದದ್ದು, ಪರಿಹಾರದ ವಿಷಯ.
ಸಂಘ: ಸಭೆ, ಹಾಲಿನ ದರ, ಬಟವಾಡೆ, ತರಬೇತಿ.

ತಲೆಪದದ ಮುಂದೆ ಮೂರು ವಿಷಯ ಬರಲಿ: ಕಿವಿಯೋಲೆಯ ಕೊನೆಯ ನಾಲ್ಕು ಅಂಕಿ, ದಿನಾಂಕ, ಏನಾಯಿತು ಎಂಬುದು. ಕಿವಿಯೋಲೆಯಲ್ಲಿ 12 ಅಂಕಿ ಇರುತ್ತವೆ. ಗುಂಪಿಗೆ ಕೊನೆಯ ನಾಲ್ಕು ಸಾಕು, ಪೂರ್ತಿ ಸಂಖ್ಯೆ ನಿಮ್ಮ ಮನೆಯ ಪುಸ್ತಕದಲ್ಲಿರಲಿ. "ನಮ್ಮ ಗೌರಿಗೆ ಹುಷಾರಿಲ್ಲ" ಎಂದು ಬರೆದರೆ ಊರಿನಲ್ಲಿ ನಾಲ್ಕು ಗೌರಿ ಇರುತ್ತವೆ. ಓಲೆಯ ಅಂಕಿ ಬರೆದರೆ ಹಸು ಯಾವುದು ಎಂಬ ಗೊಂದಲ ಇರುವುದಿಲ್ಲ.

ಉದಾಹರಣೆಗೆ ಹೀಗೆ:

"ಬೆದೆ. ಓಲೆ 4172. 10-01-2025. ಬೆಳಿಗ್ಗೆ ಬೆದೆ ಕಂಡಿತು, ಸಂಜೆ ಇಂಜೆಕ್ಷನ್ ಕೊಡಿಸಿದೆ."

"ಕೆಚ್ಚಲು. ಓಲೆ 4172. 03-03-2025. ಹಿಂದಿನ ಬಲ ತೊಟ್ಟಿನ ಹಾಲು ಒಡೆದಿದೆ. ಡಾಕ್ಟರು ಬಂದು ನೋಡಿದರು. ಅವರು ಹೇಳುವವರೆಗೆ ಈ ಹಸುವಿನ ಹಾಲು ಡೈರಿಗೆ ಹಾಕುವುದಿಲ್ಲ."

ಮೊದಲ ಸಂದೇಶ ಇದ್ದರೆ 21 ದಿನಕ್ಕೆ, ಅಂದರೆ ಜನವರಿ 31ಕ್ಕೆ, ಹಸು ಮತ್ತೆ ಬೆದೆಗೆ ಬಂತೇ ಎಂದು ನೋಡಲು ಆಗುತ್ತದೆ. ಎರಡರಿಂದ ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಲು, ಆಗಸ್ಟ್‌ನಲ್ಲಿ ಬತ್ತಿಸಲು ಎಲ್ಲದಕ್ಕೂ ಅದೊಂದೇ ಸಾಲು ಸಾಕು.

ಫೋಟೋ ಮತ್ತು ವಾಯ್ಸ್ ಕಳಿಸಬಾರದು ಎಂದಲ್ಲ. ಕೈ ತುಂಬ ಸಗಣಿ ಇರುವಾಗ ಟೈಪ್ ಮಾಡುವುದು ಯಾರಿಗೆ ಆಗುತ್ತದೆ? ಓದು ಬರಹ ಅಷ್ಟಾಗಿ ಬಾರದ ಅಕ್ಕಂದಿರಿಗೆ ವಾಯ್ಸ್ ದೊಡ್ಡ ಅನುಕೂಲ. ಆದರೆ ಹುಡುಕುವಾಗ ಸುಮ್ಮನೆ ಫೋಟೋ, ಸುಮ್ಮನೆ ವಾಯ್ಸ್ ಸಿಗುವುದಿಲ್ಲ. ಅದಕ್ಕೆ ಫೋಟೋ ಅಥವಾ ವಾಯ್ಸ್ ಬಂದ ಕೆಳಗೆ ಒಂದು ಸಾಲನ್ನು ಬೇರೆ ಸಂದೇಶವಾಗಿ ಬರೆಯುವ ರೂಢಿ ಮಾಡಿಕೊಳ್ಳಿ. ಕಳಿಸಿದವರಿಗೆ ಆಗದಿದ್ದರೆ ಕೇಳಿದವರಲ್ಲಿ ಒಬ್ಬರು ಬರೆಯಲಿ: "ಮೇಲಿನ ವಾಯ್ಸ್: ಕಾಯಿಲೆ. ಓಲೆ 2290. ಹೊಟ್ಟೆ ಉಬ್ಬರ, ಡಾಕ್ಟರನ್ನು ಕರೆಸಿದ್ದಾರೆ."

ಪಾಠ 2: ಹುಡುಕುವುದು

ಇಲ್ಲಿ ಹೇಳುವುದು ಸಾಮಾನ್ಯ ಆಂಡ್ರಾಯ್ಡ್ ಮೊಬೈಲಿನ ಕ್ರಮ. ನಿಮ್ಮ ಮೊಬೈಲ್ ಕನ್ನಡದಲ್ಲಿದ್ದರೆ ಹೆಸರುಗಳು ಕನ್ನಡದಲ್ಲಿ ಕಾಣುತ್ತವೆ.

ಗುಂಪನ್ನು ತೆರೆಯಿರಿ. ಮೇಲೆ ಬಲಗಡೆ ಇರುವ ಮೂರು ಚುಕ್ಕೆ ಒತ್ತಿ. ಸರ್ಚ್ ಒತ್ತಿ. "ಬೆದೆ" ಎಂದೋ "4172" ಎಂದೋ ಟೈಪ್ ಮಾಡಿ, ಭೂತಗನ್ನಡಿಯ ಗುರುತು ಒತ್ತಿ. ಆ ಪದ ಇರುವ ಕೊನೆಯ ಸಂದೇಶ ಕಾಣುತ್ತದೆ. ಅದಕ್ಕೂ ಹಿಂದಿನದು ಬೇಕಿದ್ದರೆ ಮೇಲಿನ ಬಾಣ ಒತ್ತುತ್ತಾ ಹೋಗಿ. ಹೊಸ ವಾಟ್ಸಾಪ್‌ನಲ್ಲಿ ಹುಡುಕುವ ಜಾಗದ ಪಕ್ಕ ಕ್ಯಾಲೆಂಡರಿನ ಗುರುತೂ ಇರುತ್ತದೆ. ಅದನ್ನು ಒತ್ತಿ ದಿನಾಂಕ ಆರಿಸಿದರೆ ನೇರವಾಗಿ ಆ ದಿನದ ಮಾತಿಗೆ ಹೋಗಬಹುದು.

ಹುಡುಕುವಾಗ ಉದ್ದ ವಾಕ್ಯ ಬೇಡ. ಪದದ ಮೊದಲ ಭಾಗ ಮಾತ್ರ ಬರೆಯಿರಿ. "ಲಸಿಕೆ" ಎಂದರೆ "ಲಸಿಕೆಯ", "ಲಸಿಕೆಗೆ" ಎಂದು ಬರೆದವೂ ಸಿಗುತ್ತವೆ. ಒಂದು ಪದಕ್ಕೆ ಸಿಗದಿದ್ದರೆ ಬೇರೆ ರೀತಿ ಬರೆದು ನೋಡಿ.

ಫೋಟೋ ಬೇಕಿದ್ದರೆ ಗುಂಪಿನ ಹೆಸರು ಒತ್ತಿ. ಅಲ್ಲಿ ಮೀಡಿಯಾ ಎಂದು ಇರುವ ಕಡೆ ಗುಂಪಿಗೆ ಬಂದ ಫೋಟೋಗಳೆಲ್ಲ ತಿಂಗಳ ಪ್ರಕಾರ ಜೋಡಿಸಿರುತ್ತವೆ.

ನಿಮ್ಮ ಹಸುವಿಗೆ ಸಂಬಂಧಿಸಿದ ಸಂದೇಶ ಬಂದ ದಿನವೇ ಅದನ್ನು ಒತ್ತಿ ಹಿಡಿದು ನಕ್ಷತ್ರದ ಗುರುತು ಹಾಕಿಬಿಡಿ. ಆಮೇಲೆ ವಾಟ್ಸಾಪ್ ಮೊದಲ ಪುಟದ ಮೂರು ಚುಕ್ಕೆಯೊಳಗೆ ಸ್ಟಾರ್ಡ್ ಎಂಬಲ್ಲಿ ಅವೆಲ್ಲ ಒಟ್ಟಿಗೆ ಸಿಗುತ್ತವೆ. ನೀವು ಹಾಕಿದ ನಕ್ಷತ್ರ ಬೇರೆಯವರಿಗೆ ಕಾಣುವುದಿಲ್ಲ. ಎಲ್ಲರಿಗೂ ಕಾಣುವಂತೆ ಮೇಲೆ ನಿಲ್ಲಿಸಬೇಕಾದ ಸಂದೇಶವನ್ನು, ಉದಾಹರಣೆಗೆ ಲಸಿಕೆ ಶಿಬಿರದ ದಿನಾಂಕವನ್ನು, ಪಿನ್ ಮಾಡಬಹುದು. ಪಿನ್ ಮಾಡಿದ್ದು 24 ಗಂಟೆ, 7 ದಿನ ಅಥವಾ 30 ದಿನ ಮೇಲೆ ನಿಲ್ಲುತ್ತದೆ.

ಪಾಠ 3: ತಿಂಗಳಿಗೊಮ್ಮೆ ತೆಗೆದಿಡುವುದು

ಸಂಘದಲ್ಲಿ ಇಬ್ಬರನ್ನು ಗೊತ್ತುಮಾಡಿ. ಒಬ್ಬರು ಮಾಡುವವರು, ಇನ್ನೊಬ್ಬರು ಆಗಿದೆಯೇ ಎಂದು ನೋಡುವವರು. ತಿಂಗಳ ಮೊದಲ ತಾರೀಕು ಅಥವಾ ಬಟವಾಡೆಯ ದಿನ, ನೆನಪಿರುವ ಒಂದು ದಿನ ಇಟ್ಟುಕೊಳ್ಳಿ.

ಕ್ರಮ ಹೀಗೆ: ಗುಂಪನ್ನು ತೆರೆದು ಮೂರು ಚುಕ್ಕೆ ಒತ್ತಿ. ಮೋರ್ ಒತ್ತಿ. ಎಕ್ಸ್‌ಪೋರ್ಟ್ ಚಾಟ್ ಒತ್ತಿ. ಫೋಟೋ ಸಮೇತ ಬೇಕೋ, ಬರಹ ಮಾತ್ರ ಸಾಕೋ ಎಂದು ಕೇಳುತ್ತದೆ. ಪ್ರತಿ ತಿಂಗಳು ಬರಹ ಮಾತ್ರ ತೆಗೆಯಿರಿ, ಅಂದರೆ ವಿತೌಟ್ ಮೀಡಿಯಾ. ಎಲ್ಲಿಗೆ ಕಳಿಸಬೇಕು ಎಂದಾಗ ಜಿಮೇಲ್ ಆರಿಸಿ, ಸಂಘದ ಇ-ಮೇಲ್ ವಿಳಾಸಕ್ಕೆ ಕಳಿಸಿ. ಎಕ್ಸ್‌ಪೋರ್ಟ್ ಆಗದಿದ್ದರೆ ಗುಂಪಿನ ಹೆಸರು ಒತ್ತಿ "ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ" ಆನ್ ಆಗಿದೆಯೇ ನೋಡಿ. ಅದು ಆನ್ ಇದ್ದರೆ ಮಾತನ್ನು ಹೊರತೆಗೆಯಲು ಬಿಡುವುದಿಲ್ಲ.

ಒಂದು ಸಲಕ್ಕೆ ಎಷ್ಟು ಬರುತ್ತದೆ? ಬರಹ ಮಾತ್ರವಾದರೆ ಇತ್ತೀಚಿನ 40,000 ಸಂದೇಶ, ಫೋಟೋ ಸಮೇತವಾದರೆ 10,000 ಸಂದೇಶ. ನಿಮ್ಮ ಗುಂಪಿನಲ್ಲಿ ದಿನಕ್ಕೆ 100 ಸಂದೇಶ ಬಂದರೆ 40,000 ಎಂದರೆ 400 ದಿನ. ವರ್ಷ ದಾಟಿ ಬಿಟ್ಟುಬಿಟ್ಟರೆ ಹಿಂದಿನದು ಈ ಫೈಲಿಗೆ ಬರುವುದಿಲ್ಲ. ಫೋಟೋ ಸಮೇತವಾದರೆ 100 ದಿನದ್ದು ಮಾತ್ರ. ಶುಭೋದಯದ ಚಿತ್ರಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಹಾಗಾಗಿ ಹರಟೆಗೆ, ಹಬ್ಬದ ಶುಭಾಶಯಕ್ಕೆ ಬೇರೊಂದು ಗುಂಪು ಇರುವುದು ಒಳ್ಳೆಯದು.

ಈ ಫೈಲಿನಲ್ಲಿ ಪ್ರತಿ ಸಂದೇಶದ ಮುಂದೆ ದಿನಾಂಕ, ಸಮಯ, ಕಳಿಸಿದವರ ಹೆಸರು ಇರುತ್ತದೆ. ಆ ಹೆಸರು ಬರುವುದು ಎಕ್ಸ್‌ಪೋರ್ಟ್ ಮಾಡಿದವರ ಮೊಬೈಲಿನಲ್ಲಿ ಸೇವ್ ಆಗಿರುವಂತೆ. "ಅಂಗಡಿ ಅಕ್ಕ", "ಮೂಲೆಮನೆ ಅತ್ತೆ" ಎಂದು ಸೇವ್ ಮಾಡಿದ್ದರೆ ಫೈಲಿನಲ್ಲೂ ಹಾಗೆಯೇ ಬರುತ್ತದೆ, ಹತ್ತು ವರ್ಷದ ನಂತರ ಓದುವವರಿಗೆ ಯಾರೆಂದು ತಿಳಿಯುವುದಿಲ್ಲ. ಈ ಕೆಲಸ ಒಪ್ಪಿಕೊಂಡವರು ಎಲ್ಲ ಸದಸ್ಯೆಯರ ಹೆಸರನ್ನು ಸದಸ್ಯತ್ವ ಸಂಖ್ಯೆಯೊಂದಿಗೆ ಸೇವ್ ಮಾಡಿಕೊಳ್ಳಿ. ಫೋಟೋ ಇದ್ದ ಜಾಗದಲ್ಲಿ "ಮೀಡಿಯಾ ಒಮಿಟೆಡ್" ಎಂದಷ್ಟೇ ಬರುತ್ತದೆ. ಫೋಟೋದ ಕೆಳಗೆ ಒಂದು ಸಾಲು ಬರೆಯಿರಿ ಎಂದು ಮೇಲೆ ಹೇಳಿದ್ದು ಇದಕ್ಕೂ ಸೇರಿಯೇ.

ಫೈಲಿಗೆ ಹೆಸರಿಡುವಾಗ ವರ್ಷ ಮೊದಲು, ತಿಂಗಳು ಆಮೇಲೆ ಇರಲಿ: "2025-04 ಸಂಘದ ಗುಂಪು". ಹೀಗೆ ಇಟ್ಟರೆ ಕಂಪ್ಯೂಟರಿನಲ್ಲಿ ಫೈಲುಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಪ್ರತಿಯನ್ನು ಎರಡು ಕಡೆ ಇಡಿ: ಒಂದು ಸಂಘದ ಇ-ಮೇಲ್‌ನಲ್ಲಿ, ಇನ್ನೊಂದು ಸಂಘದ ಕಂಪ್ಯೂಟರಿನಲ್ಲಿ ಅಥವಾ ಬೀರುವಿನಲ್ಲಿಡುವ ಪೆನ್‌ಡ್ರೈವಿನಲ್ಲಿ. ಇ-ಮೇಲ್ ಖಾತೆ ಸಂಘದ ಹೆಸರಿನಲ್ಲಿರಲಿ. ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿಟ್ಟರೆ ಅವರು ಕೆಲಸ ಬಿಟ್ಟ ದಿನ ಅದೂ ಅವರ ಜೊತೆ ಹೋಗುತ್ತದೆ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಸಂಘದ ಬೀರುವಿನಲ್ಲಿ ಇಡಿ.

ಕಂಪ್ಯೂಟರಿನಲ್ಲಿ ಫೈಲ್ ತೆರೆದು, ಕಂಟ್ರೋಲ್ ಕೀ ಹಿಡಿದುಕೊಂಡು ಎಫ್ ಅಕ್ಷರ ಒತ್ತಿದರೆ ಹುಡುಕುವ ಜಾಗ ಬರುತ್ತದೆ. "4172" ಎಂದು ಬರೆದರೆ ಆ ಹಸುವಿನ ಬಗ್ಗೆ ಬಂದ ಮಾತೆಲ್ಲ ಒಂದರ ಹಿಂದೆ ಒಂದು ಸಿಗುತ್ತದೆ.

ಪಾಠ 4: ಸಾರದ ಪುಸ್ತಕ

ಎಷ್ಟು ಉಳಿಸಿದರೂ ಎಲ್ಲವನ್ನೂ ಯಾರೂ ಓದುವುದಿಲ್ಲ. ನಮ್ಮ ಸಂಘಗಳಲ್ಲಿ ಸಭೆಯ ನಡವಳಿ ಪುಸ್ತಕ ಇರುವ ಹಾಗೆ, ಗುಂಪಿಗೂ ಒಂದು ಸಾರದ ಪುಸ್ತಕ ಇರಲಿ. ಒಂದು ಉದ್ದ ನೋಟ್ ಪುಸ್ತಕ ತಂದು ಐದು ಗೆರೆ ಎಳೆಯಿರಿ: ದಿನಾಂಕ, ತಲೆಪದ, ಓಲೆಯ ಕೊನೆಯ ಅಂಕಿ, ಒಂದು ಸಾಲಿನ ಸಾರ, ಹೇಳಿದವರು ಯಾರು. ಎಕ್ಸ್‌ಪೋರ್ಟ್ ಮಾಡುವ ದಿನವೇ ಆ ತಿಂಗಳ ಮುಖ್ಯ ಸಂದೇಶಗಳನ್ನು ಇದರಲ್ಲಿ ಬರೆಯಿರಿ. ತಿಂಗಳಿಗೆ ಇಪ್ಪತ್ತು ಮೂವತ್ತು ಸಾಲು ಆದೀತು.

ಈ ಪುಸ್ತಕ ಡೈರಿಯಲ್ಲಿ ಹಾಲು ಹಾಕುವ ಜಾಗದ ಹತ್ತಿರ ಇದ್ದರೆ ಮೊಬೈಲ್ ಇಲ್ಲದವರೂ ಕೇಳಿ ತಿಳಿಯಬಹುದು. ಕಳೆದ ವರ್ಷ ಉಣ್ಣೆ ಯಾವ ತಿಂಗಳು ಹೆಚ್ಚಾಯಿತು, ಕಾಲುಬಾಯಿ ಲಸಿಕೆ ಹಾಕಿ ಆರು ತಿಂಗಳಾಯಿತೇ, ಯಾರ ಮನೆಯಲ್ಲಿ ರಸಮೇವು ಮಾಡಿದ ಅನುಭವ ಇದೆ ಎಂಬ ಪ್ರಶ್ನೆಗಳಿಗೆ ಪುಟ ತಿರುವಿದರೆ ಉತ್ತರ ಸಿಗುತ್ತದೆ.

ಒಪ್ಪಿಗೆ ಮತ್ತು ಗೌಪ್ಯತೆ

ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ನಿಮ್ಮ ಮಾತು ಮಾತ್ರವಲ್ಲ, ಎಲ್ಲರ ಮಾತೂ ಇರುತ್ತದೆ. ಗುಂಪಿನಲ್ಲಿ ಒಬ್ಬರು ಮನೆಯ ಕಷ್ಟ ಹೇಳಿಕೊಂಡಿರಬಹುದು, ಸಾಲದ ಮಾತು ಬಂದಿರಬಹುದು. ಆದ್ದರಿಂದ ಮೊದಲು ಸಭೆಯಲ್ಲಿ ವಿಷಯ ಇಟ್ಟು, ಎಲ್ಲರ ಒಪ್ಪಿಗೆ ಪಡೆದು, ನಡವಳಿಯಲ್ಲಿ ಬರೆದುಕೊಳ್ಳಿ. ಯಾರು ತೆಗೆಯುತ್ತಾರೆ, ಎಲ್ಲಿ ಇಡುತ್ತಾರೆ, ಯಾರು ನೋಡಬಹುದು ಎಂಬುದು ಎಲ್ಲರಿಗೂ ಗೊತ್ತಿರಲಿ. ಗುಂಪಿನ ವಿವರಣೆಯಲ್ಲೂ ಒಂದು ಸಾಲು ಹಾಕಿ: "ಈ ಗುಂಪಿನ ಮಾತನ್ನು ತಿಂಗಳಿಗೊಮ್ಮೆ ಸಂಘದ ದಾಖಲೆಗೆ ತೆಗೆದಿಡಲಾಗುತ್ತದೆ." ಹೊಸದಾಗಿ ಸೇರುವವರಿಗೂ ಆಗ ತಿಳಿಯುತ್ತದೆ.

ಆಧಾರ್ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕ, ಒಟಿಪಿ ಇವನ್ನು ಗುಂಪಿಗೆ ಎಂದೂ ಹಾಕಬೇಡಿ. ಸಂಘಕ್ಕೆ ಬೇಕಿದ್ದರೆ ಖುದ್ದಾಗಿ ಕೊಡಿ. ಯಾರಾದರೂ ತಮ್ಮ ಒಂದು ಮಾತನ್ನು ದಾಖಲೆಯಿಂದ ತೆಗೆಯಿರಿ ಎಂದರೆ ವಾದ ಮಾಡದೆ ಆ ಸಾಲನ್ನು ಅಳಿಸಿಬಿಡಿ. ಮಾತನಾಡಲು ಹೆದರಿಕೆ ಆಗುವ ಗುಂಪಿನಲ್ಲಿ ಉಳಿಸುವುದಕ್ಕೆ ಏನೂ ಇರುವುದಿಲ್ಲ.

ಹಳೆಯ ಸಂದೇಶ ಡಾಕ್ಟರ ಚೀಟಿ ಆಗುವುದಿಲ್ಲ

ಹುಡುಕುವುದು ಸುಲಭವಾದ ಮೇಲೆ ಬರುವ ಒಂದು ಅಪಾಯವನ್ನು ಹೇಳಲೇಬೇಕು. ಹೋದ ವರ್ಷ ಒಂದು ಹಸುವಿಗೆ ಡಾಕ್ಟರು ಬರೆದ ಔಷಧದ ಹೆಸರು ಫೈಲಿನಲ್ಲಿ ಸಿಗುತ್ತದೆ. ಈಗ ನಿಮ್ಮ ಹಸುವಿಗೂ ಅದೇ ಲಕ್ಷಣ. ಅದೇ ಔಷಧ ತಂದು ಹಾಕೋಣ ಎಂದು ಮನಸ್ಸಾಗುತ್ತದೆ. ಹಾಗೆ ಮಾಡಬೇಡಿ. ಲಕ್ಷಣ ಒಂದೇ ಆದರೂ ಕಾರಣ ಬೇರೆ ಇರಬಹುದು. ಹಸುವಿನ ತೂಕ, ಗಬ್ಬ, ಕಾಯಿಲೆಯ ಹಂತ ನೋಡಿ ಔಷಧದ ಪ್ರಮಾಣ ಬದಲಾಗುತ್ತದೆ. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಕುವಂತಿಲ್ಲ. ಎಷ್ಟು ದಿನ ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಒಬ್ಬರ ಕ್ಯಾನಿನ ಅಂಥ ಹಾಲು ಸೇರಿದರೆ ಶೀತಲೀಕರಣ ಟ್ಯಾಂಕಿನಲ್ಲಿರುವ ಎಲ್ಲರ ಹಾಲೂ ಕೆಡುತ್ತದೆ.

ಹಳೆಯ ದಾಖಲೆಯನ್ನು ಡಾಕ್ಟರಿಗೆ ತೋರಿಸಲು ಬಳಸಿ. "ಇದೇ ಹಸುವಿಗೆ ಮಾರ್ಚ್ 3ರಂದು ಇದೇ ತೊಟ್ಟಿಗೆ ಬಾವು ಬಂದಿತ್ತು" ಎಂದು ನೀವು ಹೇಳಿದರೆ ಅವರ ಅರ್ಧ ಕೆಲಸ ಸುಲಭವಾಗುತ್ತದೆ. ತುರ್ತು ಇದ್ದರೆ ಗುಂಪಿನಲ್ಲಿ ಹುಡುಕುತ್ತಾ ಕೂರದೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ.

ವಿಮೆಯ ವಿಷಯದಲ್ಲೂ ಹಾಗೆಯೇ. ಕಿವಿಯೋಲೆ ಬಿದ್ದುಹೋದ ದಿನ ಗುಂಪಿಗೆ ಹಾಕಿದರೆ ದಿನಾಂಕ ನೆನಪಿರುತ್ತದೆ. ಆದರೆ ವಿಮೆಯವರಿಗೂ ಪಶು ಆಸ್ಪತ್ರೆಗೂ ನೀವು ಬೇರೆಯಾಗಿ ತಿಳಿಸಿ ಹೊಸ ಓಲೆ ಹಾಕಿಸಲೇಬೇಕು. ಗುಂಪಿನ ಸಂದೇಶ ಅರ್ಜಿಯ ಜಾಗದಲ್ಲಿ ನಿಲ್ಲುವುದಿಲ್ಲ.

ಮುಂದಿನ ಸಭೆಗೆ

ಈ ಐದು ವಿಷಯಗಳನ್ನು ನಿಮ್ಮ ಸಂಘದ ಸಭೆಯಲ್ಲಿ ಚರ್ಚಿಸಿ ತೀರ್ಮಾನ ಮಾಡಿ.

1. ನಮ್ಮ ಗುಂಪಿನಲ್ಲಿ ಡಿಸಪಿಯರಿಂಗ್ ಮೆಸೇಜಸ್ ಆಫ್ ಇದೆಯೇ? ಈಗಲೇ ತೆರೆದು ನೋಡಿ.
2. ನಮ್ಮ ತಲೆಪದಗಳು ಯಾವುವು? ಬರೆದು ಡೈರಿಯ ಗೋಡೆಗೆ ಅಂಟಿಸಿ.
3. ತಿಂಗಳಿಗೊಮ್ಮೆ ತೆಗೆದಿಡುವ ಇಬ್ಬರು ಯಾರು? ಯಾವ ದಿನ?
4. ಸಂಘದ ಹೆಸರಿನಲ್ಲಿ ಇ-ಮೇಲ್ ಇದೆಯೇ? ಪಾಸ್‌ವರ್ಡ್ ಎಲ್ಲಿದೆ?
5. ಸಾರದ ಪುಸ್ತಕವನ್ನು ಯಾರು ಬರೆಯುತ್ತಾರೆ?

ಮನೆಯಲ್ಲಿ ಮಾಡಿ ನೋಡಲು ಒಂದು ಅಭ್ಯಾಸ: ನಿಮ್ಮ ಕೊಟ್ಟಿಗೆಯ ಪ್ರತಿ ಹಸು, ಎಮ್ಮೆಯ ಓಲೆಯ ಕೊನೆಯ ನಾಲ್ಕು ಅಂಕಿಯನ್ನು ಗುಂಪಿನಲ್ಲಿ ಹುಡುಕಿ. ಕೊನೆಯ ಸಲ ಇಂಜೆಕ್ಷನ್ ಕೊಡಿಸಿದ ದಿನ, ಕೊನೆಯ ಲಸಿಕೆಯ ದಿನ ಸಿಕ್ಕಿತೇ? ಸಿಗದಿದ್ದರೆ, ನಿಮಗೆ ನೆನಪಿರುವುದನ್ನು ಇವತ್ತೇ ಮೇಲಿನ ಮಾದರಿಯಲ್ಲಿ ಬರೆದು ಕಳಿಸಿ. ಎಮ್ಮೆಯ ಗರ್ಭಾವಧಿ ಸುಮಾರು 310 ದಿನ ಎಂಬುದು ಲೆಕ್ಕ ಹಾಕುವಾಗ ನೆನಪಿರಲಿ.

ಬೆಳಿಗ್ಗೆ ಕರೆದ ಹಾಲನ್ನು ಹೊತ್ತು ಮೀರುವ ಮೊದಲು ಡೈರಿಗೆ ತಂದು ತಂಪು ಮಾಡಿದರೆ ಮಾತ್ರ ಅದು ಉಳಿಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಟ್ಟಿಗೆಯಲ್ಲಿ ಕಲಿತ ಮಾತಿಗೂ ಅದೇ ಎಚ್ಚರ ಬೇಕು. ಇವತ್ತು ನೀವು ಬರೆದಿಟ್ಟ ಒಂದು ಸಾಲು ಮುಂದಿನ ಆಗಸ್ಟಿನಲ್ಲಿ ನಿಮ್ಮದೇ ಹಸುವಿಗೆ, ಇಲ್ಲವೇ ನಿನ್ನೆ ಮೊನ್ನೆ ಸಂಘಕ್ಕೆ ಸೇರಿದ ಹೊಸ ಸೊಸೆಯ ಮೊದಲ ಹಸುವಿಗೆ ಉಪಯೋಗಕ್ಕೆ ಬರುತ್ತದೆ.